ಲೇಸರ್ ಕಿಡಿಯಲ್ಲಿ ಗ್ಯಾಸ್ ಎಂಜಿನ್: 20 ನಿಮಿಷಕ್ಕೇ ಮಿಸ್‌ಫೈರ್ ಯಾಕೆ?

ಟೆಸ್ಟ್‌ಬೆಂಚ್

ಎಲ್ಲರಿಗೂ ನಮಸ್ಕಾರ. ಸ್ಪಾರ್ಕ್ ಪ್ಲಗ್ ಬದಲು ಲೇಸರ್ ಕಿಡಿಯಿಂದ ಹೊತ್ತಿಸಲು ನೋಡುತ್ತಿರುವ, ಒಂದೇ ಸಿಲಿಂಡರಿನ ನಾಲ್ಕು-ಸ್ಟ್ರೋಕ್ ಸಿಎನ್‌ಜಿ ಎಂಜಿನ್ ಡೈನಮೋಮೀಟರ್ (ಎಂಜಿನ್‌ಗೆ ಹೊರೆ ಕೊಟ್ಟು ಅಳೆಯುವ ಯಂತ್ರ) ಮೇಲಿದೆ. ಸ್ಟ್ರೋಕ್ 110 ಮಿ.ಮೀ., ಕಂಪ್ರೆಷನ್ ಅನುಪಾತ 12. ಸ್ಪಾರ್ಕ್ ಪ್ಲಗ್ ಇದ್ದ ಎಂ14 ತೂತಿಗೆ ಸ್ಟೀಲ್ ಅಡಾಪ್ಟರ್, ಅದರ ತುದಿಯಲ್ಲಿ 5 ಮಿ.ಮೀ. ದಪ್ಪದ ಸಫೈರ್ ಕಿಟಕಿ. ಲೇಸರ್ ಪ್ರಯೋಗಾಲಯದ ಮಾದರಿ: ಲ್ಯಾಂಪ್‌ನಿಂದ ಪಂಪ್ ಆಗುವ (ಬೆಳಕಿನಿಂದ ಎನರ್ಜಿ ತುಂಬುವ) ನಿಯೋಡಿಮಿಯಂ ಯಾಗ್ ಹರಳು, 1064 ನ್ಯಾನೊಮೀಟರ್, ಕ್ಯೂ-ಸ್ವಿಚ್ (ಎನರ್ಜಿ ಕೂಡಿಟ್ಟು ಒಮ್ಮೆಲೇ ಬಿಡುವ ಸಾಧನ) ಪಲ್ಸ್ 7 ನ್ಯಾನೊಸೆಕೆಂಡ್, ಗರಿಷ್ಠ 50 ಮಿಲಿಜೂಲ್, 10 ಹರ್ಟ್ಜ್. ಕಿರಣದ ವ್ಯಾಸ 6 ಮಿ.ಮೀ. ಮಸೂರದ ಫೋಕಲ್ ಲೆಂಗ್ತ್ 30 ಮಿ.ಮೀ. ಕಿಟಕಿಯ ಒಳಮೈಯಿಂದ 5 ಮಿ.ಮೀ. ಆಚೆಗೆ ಫೋಕಸ್.

ಹೊರಗೆ ಗಾಳಿಯಲ್ಲಿ ಕಿಡಿ ಚೆನ್ನಾಗಿ ಬೀಳುತ್ತದೆ. ಎಂಜಿನ್‌ನಲ್ಲಿ 20 ಮಿಲಿಜೂಲ್‌ಗೆ ಮೊದಮೊದಲು ಸರಿಯಾಗಿ ಓಡಿ, ಸುಮಾರು 20 ನಿಮಿಷಕ್ಕೆ ಮಿಸ್‌ಫೈರ್ (ಮಿಶ್ರಣ ಹೊತ್ತದೆ ಹೋಗುವುದು) ಶುರು. 40ಕ್ಕೆ ಏರಿಸಿದರೆ ಸ್ವಲ್ಪ ಹೊತ್ತು ಸುಧಾರಿಸಿ, ಆಮೇಲೆ ಮೊದಲಿಗಿಂತಲೂ ಕೆಡುತ್ತದೆ. ನಿಜಕ್ಕೂ ಎಷ್ಟು ಎನರ್ಜಿ ಬೇಕು? ತಪ್ಪಿರುವುದು ಕಿಟಕಿಯಲ್ಲೋ ಮಿಶ್ರಣದಲ್ಲೋ? ಫೈಬರ್ ಮೂಲಕ ಕಿರಣ ತಂದರೆ ಕಿರಣವನ್ನು ಎಂಜಿನ್‌ಗೆ ತಿರುಗಿಸುವ ಈ ಕನ್ನಡಿಗಳ ಕಾಟ ತಪ್ಪುತ್ತದೆಯೇ?

ಮಸೂರ

ಮೊದಲು ಎನರ್ಜಿ ಏರಿಸುವುದನ್ನು ನಿಲ್ಲಿಸಿ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ.

ಅನಿಲದಲ್ಲಿ ಕಿಡಿ ಹುಟ್ಟಬೇಕಾದರೆ ಫೋಕಸ್‌ನಲ್ಲಿ ಬೆಳಕಿನ ತೀವ್ರತೆ ಚದರ ಸೆಂ.ಮೀ.ಗೆ 100 ಗಿಗಾವ್ಯಾಟ್ ಆಸುಪಾಸಿಗೆ ಹೋಗಬೇಕು. ಒಂದಷ್ಟು ಫೋಟಾನ್‌ಗಳು ಒಟ್ಟಿಗೆ ಬಡಿದು ಮೊದಲ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಆ ಎಲೆಕ್ಟ್ರಾನ್‌ಗಳು ಬೆಳಕನ್ನೇ ಹೀರಿ, ಅಣುಗಳಿಗೆ ಡಿಕ್ಕಿ ಹೊಡೆದು, ಇನ್ನಷ್ಟು ಎಲೆಕ್ಟ್ರಾನ್ ಕೀಳುತ್ತವೆ. ಹೀಗೆ ಎಲೆಕ್ಟ್ರಾನ್ ಕಳಚಿದ ಬಿಸಿ ಅನಿಲವೇ ಪ್ಲಾಸ್ಮಾ, ಅಂದರೆ ಕಿಡಿ. ಒತ್ತಡ ಹೆಚ್ಚಿದ್ದಷ್ಟೂ ಡಿಕ್ಕಿ ಹೆಚ್ಚು, ಹಾಗಾಗಿ ಕಿಡಿ ಸುಲಭ. ಹೊರಗೆ 1 ಬಾರ್‌ನಲ್ಲಿ ಬಿದ್ದ ಕಿಡಿ ಸಿಲಿಂಡರಿನ 10 ಬಾರ್‌ನಲ್ಲಿ ಇನ್ನೂ ಸಲೀಸಾಗಿ ಬೀಳಬೇಕು. ಒಂದೇ ಎಚ್ಚರ: ಹೊರಗಿನ ಗಾಳಿಯ ಧೂಳಿನ ಕಣ ಫೋಕಸ್‌ಗೆ ಸಿಕ್ಕಿದರೆ ಕಡಿಮೆ ಎನರ್ಜಿಗೂ ಕಿಡಿ ಬೀಳುತ್ತದೆ. ಫಿಲ್ಟರ್ ಮಾಡಿದ ಗಾಳಿಯನ್ನು ಮೆಲ್ಲಗೆ ಊದುತ್ತಾ, 100 ಪಲ್ಸ್‌ಗೆ 100 ಕಿಡಿ ಬೀಳುತ್ತವೆಯೇ ಎಂದು ಎಣಿಸಿ.

ಫೋಕಸ್‌ನ ವ್ಯಾಸ = 4 × ತರಂಗಾಂತರ × ಫೋಕಲ್ ಲೆಂಗ್ತ್ × ಎಂ-ಸ್ಕ್ವೇರ್ ÷ (π × ಕಿರಣದ ವ್ಯಾಸ). ಎಂ-ಸ್ಕ್ವೇರ್ ಎಂದರೆ ಕಿರಣ ಆದರ್ಶಕ್ಕಿಂತ ಎಷ್ಟು ಪಟ್ಟು ಹರಡುತ್ತದೆ ಅನ್ನುವ ಅಂಕಿ; ನಿಮ್ಮ ಲೇಸರಿನದು 4 ಎಂದಿಟ್ಟುಕೊಂಡರೆ 27 ಮೈಕ್ರಾನ್. 20 ಮಿಲಿಜೂಲನ್ನು 7 ನ್ಯಾನೊಸೆಕೆಂಡ್‌ನಿಂದ ಭಾಗಿಸಿದರೆ 2.9 ಮೆಗಾವ್ಯಾಟ್. ಅದನ್ನು ಆ ವಿಸ್ತೀರ್ಣಕ್ಕೆ ಹಂಚಿದರೆ ಚದರ ಸೆಂ.ಮೀ.ಗೆ ಸುಮಾರು 500 ಗಿಗಾವ್ಯಾಟ್. ಬೇಕಾದ್ದಕ್ಕಿಂತ ಸಾಕಷ್ಟು ಜಾಸ್ತಿ. ಅಂದರೆ ಕಿಡಿಗೆ ಎನರ್ಜಿ ಕೊರತೆ ಇಲ್ಲ.

ಈಗ ಕಿಟಕಿ ನೋಡಿ. ಫೋಕಸ್‌ಗೆ 5 ಮಿ.ಮೀ. ಮುಂಚೆ ಕಿರಣ 6 × 5 ÷ 30 = 1 ಮಿ.ಮೀ. ಅಗಲಕ್ಕೆ ಕಿರಿದಾಗಿರುತ್ತದೆ. 20 ಮಿಲಿಜೂಲ್‌ಗೆ ಸರಾಸರಿ ಚದರ ಸೆಂ.ಮೀ.ಗೆ 2.5 ಜೂಲ್, ಕಿರಣದ ನಟ್ಟನಡುವೆ ಅದರ ಇಮ್ಮಡಿ. 40ಕ್ಕೆ ಏರಿಸಿದಿರೋ, ನಡುವೆ 10 ಜೂಲ್ ದಾಟಿತು. ಹೊಸ, ಶುದ್ಧ ಸಫೈರ್ ಇದನ್ನು ತಡೆದೀತು. ಮಸಿ ಕೂತ ಸಫೈರ್ ತಡೆಯುವುದಿಲ್ಲ. ಮಸಿ ಬೆಳಕನ್ನು ಹೀರಿ ಗಾಜಿನ ಮೈಮೇಲೆಯೇ ಪ್ಲಾಸ್ಮಾ ಆಗುತ್ತದೆ, ಅಲ್ಲಿ ಕುಳಿ ಬೀಳುತ್ತದೆ, ಕುಳಿಯಲ್ಲಿ ಇನ್ನಷ್ಟು ಮಸಿ ಕೂರುತ್ತದೆ. ಸ್ವಲ್ಪ ಹೊತ್ತು ಸುಧಾರಿಸಿ ಆಮೇಲೆ ಕೆಡುವುದಕ್ಕೆ ಇದೇ ಕಾರಣ ಇರಬೇಕು. ಕಿಟಕಿ ಬಿಚ್ಚಿ 20 ಪಟ್ಟು ಲೂಪ್‌ನಲ್ಲಿ ನೋಡಿ. ಒಳಮೈ ನಡುವೆ ಬಿಳಿ ಮಚ್ಚೆ ಕಂಡರೆ ಆ ಕಿಟಕಿ ಮುಗಿಯಿತು, ಪಾಲಿಶ್ ಮಾಡಿ ಮತ್ತೆ ಹಾಕಬೇಡಿ.

ಪ್ಲಾಸ್ಮಾ

ಮಸೂರ ಸರ್ ಹೇಳಿದ್ದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. 5 ಮಿ.ಮೀ. ದೂರ ಉರಿಗೂ ಕೆಟ್ಟದ್ದು. ಲೇಸರ್ ಕಿಡಿ ವಿದ್ಯುತ್ ಕಿಡಿಯ ಹಾಗೆ ದುಂಡಗೆ ಬೆಳೆಯುವುದಿಲ್ಲ. ಪ್ಲಾಸ್ಮಾ ಲೇಸರ್ ಬಂದ ದಿಕ್ಕಿಗೇ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಆಘಾತ ತರಂಗ ಹೊರಟುಹೋದ ಮೇಲೆ ಉಳಿದ ಬಿಸಿ ಅನಿಲ ಉಂಗುರದಂತೆ ಸುರುಳಿಯಾಗಿ, ಅದರ ನಡುವಿನಿಂದ ಒಂದು ನಾಲಗೆ ಮಸೂರದ ಕಡೆಗೆ ನುಗ್ಗುತ್ತದೆ. ಕಿಟಕಿ 5 ಮಿ.ಮೀ.ನಲ್ಲೇ ಇದ್ದರೆ ಆ ನಾಲಗೆ ತಣ್ಣನೆಯ ಸಫೈರ್ ಮುಟ್ಟಿ ಶಾಖ ಕಳೆದುಕೊಳ್ಳುತ್ತದೆ. ಗೋಡೆಯಿಂದ ದೂರ ಉರಿ ಹಚ್ಚಬಹುದು ಅನ್ನುವುದೇ ಲೇಸರಿನ ದೊಡ್ಡ ಲಾಭ, ಅದನ್ನೇ ನೀವು ಬಿಟ್ಟುಕೊಟ್ಟಿದ್ದೀರಿ.

ಎನರ್ಜಿ ವಿಷಯ. ಸರಿಯಾದ ಅನುಪಾತದ ಮೀಥೇನ್-ಗಾಳಿಗೆ ಕನಿಷ್ಠ ದಹನ ಎನರ್ಜಿ ಸುಮಾರು 0.3 ಮಿಲಿಜೂಲ್ ಎಂದು ಪುಸ್ತಕದಲ್ಲಿರುತ್ತದೆ. ಅದು ವಿದ್ಯುತ್ ಕಿಡಿಯ ಅಂಕಿ. ಲೇಸರಿಗೆ ಹಲವು ಮಿಲಿಜೂಲ್ ಬೇಕು. ಪ್ಲಾಸ್ಮಾ ಹುಟ್ಟುವ ತನಕದ ಬೆಳಕು ಹಾಗೇ ದಾಟಿ ಹೋಗುತ್ತದೆ, ಹೀರಿದ್ದರಲ್ಲಿ ದೊಡ್ಡ ಪಾಲು ಆಘಾತ ತರಂಗಕ್ಕೆ ಹೋಗುತ್ತದೆ, ಒಂದಿಷ್ಟು ಬೆಳಕಾಗಿ ಹೊರಬೀಳುತ್ತದೆ. ಗಾಜಿನ ನಷ್ಟ ಬೇರೆ: ಸಫೈರಿನ ವಕ್ರೀಭವನಾಂಕ 1.75, ಕೋಟಿಂಗ್ ಇಲ್ಲದಿದ್ದರೆ ಒಂದೊಂದು ಮೈಯಲ್ಲಿ 7.4% ಪ್ರತಿಫಲನ. ನಿಮ್ಮ ವ್ಯವಸ್ಥೆಗೆ ಕಿಟಕಿ ದಾಟಿದ ಮೇಲೆ 12ರಿಂದ 15 ಮಿಲಿಜೂಲ್ ಧಾರಾಳ ಸಾಕು.

ಟೆಸ್ಟ್‌ಬೆಂಚ್

ಬಿಚ್ಚಿ ನೋಡಿದಾಗ ಒಳಮೈಯ ನಡುವೆ ಬಿಳಿ ಮಚ್ಚೆ, ಸುತ್ತ ಕಂದು ಉಂಗುರ ಇದೆ. ಹಾಗಿದ್ದರೆ ಫೋಕಸ್ ಎಷ್ಟು ಒಳಗೆ ತಳ್ಳಬಹುದು? ಪಿಸ್ಟನ್‌ಗೆ ತಾಗುವುದಿಲ್ಲವೇ? ಬಿಳಿ ಮಚ್ಚೆ ಕಾಣದೆ ಮಿಸ್‌ಫೈರ್ ಆದರೆ ಮಿಶ್ರಣದ ತಪ್ಪು ಎಂದು ಹೇಗೆ ಹೇಳುವುದು?

ಮಸೂರ

ಪಿಸ್ಟನ್ ಲೆಕ್ಕ ಹೀಗೆ. ಸ್ಟ್ರೋಕ್ 110, ಅನುಪಾತ 12, ತಲೆ ಚಪ್ಪಟೆ ಎಂದುಕೊಂಡರೆ ಟಿಡಿಸಿಯಲ್ಲಿ (ಪಿಸ್ಟನ್ ತೀರಾ ಮೇಲಿರುವ ಬಿಂದು) ಉಳಿಯುವ ಜಾಗ 110 ÷ 11 = 10 ಮಿ.ಮೀ. ಟಿಡಿಸಿಗೆ 20 ಡಿಗ್ರಿ ಮುಂಚೆ ಪಿಸ್ಟನ್ ಇನ್ನೂ ಸುಮಾರು 4 ಮಿ.ಮೀ. ಕೆಳಗಿರುತ್ತದೆ. ಪಿಸ್ಟನ್‌ನಲ್ಲಿ ಬಟ್ಟಲು ಇದ್ದರೆ ನಡುವೆ ಇನ್ನಷ್ಟು ಆಳ ಸಿಗುತ್ತದೆ, ಅಂಚಿನಲ್ಲಿ ಜಾಗ ಕಡಿಮೆಯಾಗುತ್ತದೆ. ನಿಮ್ಮ ಪ್ಲಗ್ ತೂತು ಬಟ್ಟಲಿನ ಮೇಲೆಯೇ ಬಂದರೆ ಒಳಮೈಯಿಂದ 11 ಮಿ.ಮೀ.ನಲ್ಲಿ ಫೋಕಸ್ ಇಡಿ. ಆಗ ಕಿಟಕಿಯಲ್ಲಿ ಕಿರಣ 2.2 ಮಿ.ಮೀ. ಅಗಲ, 20 ಮಿಲಿಜೂಲ್‌ಗೆ ಸರಾಸರಿ 0.53 ಜೂಲ್, ನಡುವೆ 1 ಜೂಲ್. ತೆಳುವಾದ ಮಸಿಯನ್ನು ಆಯಾ ಪಲ್ಸೇ ಕಿತ್ತು ಹಾಕುತ್ತದೆ, ಸಫೈರ್‌ಗೆ ಏನೂ ಆಗುವುದಿಲ್ಲ. ಈ ಎರಡು ಗಡಿಗಳ ನಡುವೆ ಇರುವುದೇ ಕಿಟಕಿ ವಿನ್ಯಾಸದ ಸಾರ: ಮಸಿ ಕೀಳುವಷ್ಟು ಇರಬೇಕು, ಗಾಜು ಕೆಡುವಷ್ಟು ಇರಬಾರದು.

ಫೋಕಸ್ ಪಿಸ್ಟನ್ ಮೇಲೆ ಬಿದ್ದರೂ ಕಿಡಿ ಕಾಣುತ್ತದೆ, ಲೋಹದ ಮೈಮೇಲೆ ಪ್ಲಾಸ್ಮಾ ಸುಲಭವಾಗಿ ಹುಟ್ಟುವುದರಿಂದ. ಅದನ್ನು ಯಶಸ್ಸು ಅಂದುಕೊಳ್ಳಬೇಡಿ, ಪಿಸ್ಟನ್ ತಲೆ ಸವೆಯುತ್ತದೆ. ಇನ್ನೊಂದು, 5 ಮಿ.ಮೀ. ದಪ್ಪದ ಸಫೈರ್ ಫೋಕಸನ್ನು 5 × (1 − 1 ÷ 1.75), ಅಂದರೆ 2.1 ಮಿ.ಮೀ. ಒಳಕ್ಕೆ ತಳ್ಳುತ್ತದೆ. ಕಿಟಕಿ ಇಲ್ಲದೆ ಹೊರಗೆ ಅಳೆದು ಅದೇ ಅಂಕಿ ಅಡಾಪ್ಟರಿಗೆ ಹಾಕಿದವರು ಇಲ್ಲೇ ಎಡವುತ್ತಾರೆ.

ಮಸೂರ ಪ್ಲೇನೊ-ಕಾನ್ವೆಕ್ಸ್ (ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು) ಆಗಿದ್ದರೆ ಉಬ್ಬಿದ ಮೈ ಲೇಸರ್ ಕಡೆಗಿರಬೇಕು. ತಿರುವುಮುರುವಾದರೆ ಗೋಳೀಯ ದೋಷ (ಅಂಚಿನ ಕಿರಣಗಳು ಬೇರೆ ಕಡೆ ಕೂಡುವುದು) ಸುಮಾರು ನಾಲ್ಕು ಪಟ್ಟು. ನಿಮ್ಮ ಅಳತೆಗೆ 16 ಮೈಕ್ರಾನ್ ಇರಬೇಕಾದ ಮಸುಕು 65 ಮೈಕ್ರಾನ್ ಆಗಿ ತೀವ್ರತೆ ಪಾತಾಳ ಸೇರುತ್ತದೆ. ಸಫೈರನ್ನು ಅದರ ಹರಳಿನ ಸಿ-ಅಕ್ಷಕ್ಕೆ ಲಂಬವಾಗಿ ಕತ್ತರಿಸಿದ್ದೇ ತರಿಸಿ. ಬೇರೆ ಕೋನದ ತುಂಡು ಕಿರಣವನ್ನು ಇಬ್ಭಾಗ ಮಾಡಿ ಫೋಕಸ್ ಹರಡುತ್ತದೆ.

ದ್ಯುತಿ

ಮಿಸ್‌ಫೈರ್ ಬೇರ್ಪಡಿಸುವ ಪ್ರಶ್ನೆಗೆ ನನ್ನ ಉತ್ತರ. ಮಸೂರದ ಹಿಂದೆ, 1064ನ್ನು ಪ್ರತಿಫಲಿಸಿ ಕಣ್ಣಿಗೆ ಕಾಣುವ ಬೆಳಕನ್ನು ಬಿಡುವ ಡೈಕ್ರೋಯಿಕ್ ಕನ್ನಡಿ ಹಾಕಿ. ಪ್ಲಾಸ್ಮಾದ ಬಿಳಿ ಬೆಳಕು ಅದೇ ಮಸೂರದಿಂದ ಹಿಂದಕ್ಕೆ ಬಂದು ಕನ್ನಡಿ ದಾಟುತ್ತದೆ. ಅಲ್ಲಿ 1064ನ್ನು ತಡೆಯುವ ಫಿಲ್ಟರ್, ಅದರ ಹಿಂದೆ ವೇಗದ ಸಿಲಿಕಾನ್ ಫೋಟೊಡಯೋಡ್ (ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ). ಆ ಸಿಗ್ನಲ್ ಸಿಲಿಂಡರ್ ಒತ್ತಡದ ಜತೆಗೇ ಸೈಕಲ್ ಸೈಕಲ್‌ಗೆ ದಾಖಲಾಗಲಿ.

ಫೋಟೊಡಯೋಡ್ ಸುಮ್ಮನಿದ್ದು ಒತ್ತಡವೂ ಏಳದಿದ್ದರೆ ಕಿಡಿಯೇ ಬಿದ್ದಿಲ್ಲ, ಕಿಟಕಿ ಅಥವಾ ಲೇಸರ್ ನೋಡಿ. ಫೋಟೊಡಯೋಡ್ ಮಿನುಗಿಯೂ ಒತ್ತಡ ಏಳದಿದ್ದರೆ ಕಿಡಿ ಬಿದ್ದು ಉರಿ ಸತ್ತಿದೆ, ಮಿಶ್ರಣ ಅತಿ ತೆಳು (ಗ್ಯಾಸ್ ತೀರಾ ಕಡಿಮೆ) ಅಥವಾ ಫೋಕಸ್ ಜಾಗ ತಪ್ಪು. ಮೂರನೆಯದೊಂದು ಇದೆ, ಅದನ್ನೇ ಜನ ಗಮನಿಸುವುದಿಲ್ಲ: ಫೋಟೊಡಯೋಡ್ ಎಂದಿಗಿಂತ ಜೋರಾಗಿ ಮಿನುಗಿ ಒತ್ತಡ ಏಳದಿರುವುದು. ಪ್ಲಾಸ್ಮಾ ಕಿಟಕಿಯ ಮೈಮೇಲೆಯೇ ಆಗುತ್ತಿದೆ ಅನ್ನುವುದರ ಗುರುತು ಅದು. ತಕ್ಷಣ ನಿಲ್ಲಿಸಿದರೆ ಕಿಟಕಿ ಉಳಿಯಬಹುದು.

300 ಸೈಕಲ್‌ಗಳ ಐಎಂಇಪಿ (ಸೈಕಲ್ಲಿನ ಕೆಲಸಕ್ಕೆ ಸಮನಾದ ಸರಾಸರಿ ಒತ್ತಡ) ತೆಗೆದು ಏರಿಳಿತದ ಪ್ರಮಾಣ ನೋಡಿ. 5% ದಾಟಿದರೆ ಆ ಬಿಂದುವಿನಲ್ಲಿ ಎಂಜಿನ್ ಸ್ಥಿರವಲ್ಲ.

ಇನ್ನು ಕಣ್ಣು. 1064 ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ನೇರ ರೆಟಿನಾ ಮೇಲೆ ಕೂಡಿಸುತ್ತದೆ. ನಿಮ್ಮದು ಕ್ಲಾಸ್ 4, ಲೇಸರ್ ಅಪಾಯದ ಅತಿ ಮೇಲಿನ ವರ್ಗ. 1064ಕ್ಕೆ ಆಪ್ಟಿಕಲ್ ಡೆನ್ಸಿಟಿ 6 (ಬೆಳಕನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವಷ್ಟು) ಅಥವಾ ಹೆಚ್ಚಿನ ಕನ್ನಡಕ ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಬೇಕು, ಎಂಜಿನ್ ನೋಡಿಕೊಳ್ಳುವವರಿಗೂ. ಕನ್ನಡಿಯಿಂದ ಸಿಲಿಂಡರ್ ಹೆಡ್‌ವರೆಗೆ ಕಿರಣ ಲೋಹದ ಕೊಳವೆಯೊಳಗೇ ಸಾಗಲಿ. ಅಡಾಪ್ಟರ್ ಬಿಚ್ಚಿದರೆ ಶಟರ್ ತಾನಾಗಿ ಮುಚ್ಚುವಂತೆ ಇಂಟರ್‌ಲಾಕ್ ಇರಲಿ. ಮುಂದೆ ಡಯೋಡ್ ಪಂಪ್‌ಗೆ (ಲ್ಯಾಂಪ್ ಬದಲು 808 ನ್ಯಾನೊಮೀಟರ್ ಡಯೋಡ್ ಲೇಸರ್) ಹೋದರೆ 808ಕ್ಕೂ ರಕ್ಷಣೆ ಇರುವ ಕನ್ನಡಕ ಬೇಕು. ಒಂದು ತರಂಗಾಂತರದ ಕನ್ನಡಕ ಇನ್ನೊಂದನ್ನು ತಡೆಯುತ್ತದೆಂಬ ಭರವಸೆ ಇಲ್ಲ.

ಗ್ಯಾಸ್‌ಜೆನ್‌ಸೆಟ್

ಎಲ್ಲ ಸರಿ, ಆದರೆ ಮೂಲ ಪ್ರಶ್ನೆ ಕೇಳಲೇಬೇಕು. ತೆಳು ಮಿಶ್ರಣ ಹೊತ್ತಿಸುವುದಕ್ಕೆ ಪ್ರೀಚೇಂಬರ್ ಇದೆಯಲ್ಲ? ಪುಟ್ಟ ಕೋಣೆಯಲ್ಲಿ ಮಾಮೂಲಿ ಪ್ಲಗ್, ಬೇಕಾದರೆ ಅಲ್ಲಿಗೇ ಸ್ವಲ್ಪ ಗ್ಯಾಸ್, ರಂಧ್ರಗಳಿಂದ ಉರಿಯ ಜೆಟ್‌ಗಳು ಇಡೀ ಸಿಲಿಂಡರಿಗೆ. ದೊಡ್ಡ ಗ್ಯಾಸ್ ಎಂಜಿನ್‌ಗಳಲ್ಲಿ ಇದು ದಿನನಿತ್ಯದ ತಂತ್ರ. ಕಿಟಕಿ ಬೇಡ, ಡಯೋಡ್ ಬೇಡ.

ಪ್ಲಾಸ್ಮಾ

ಗ್ಯಾಸ್‌ಜೆನ್‌ಸೆಟ್ ಸರ್, ಇವತ್ತಿನ ಖರ್ಚಿನ ಲೆಕ್ಕದಲ್ಲಿ ನೀವು ಹೇಳುವುದೇ ಸರಿ. ಪ್ರೀಚೇಂಬರ್ ಇಷ್ಟು ಚೆನ್ನಾಗಿ ಬೆಳೆದದ್ದರಿಂದಲೇ ಲೇಸರ್ ಪ್ಲಗ್ ಅಂಗಡಿಗೆ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದೂ ಒಳಗೊಂದು ವಿದ್ಯುತ್ ಪ್ಲಗ್ಗನ್ನೇ ನಂಬಿದೆ.

ಒತ್ತಡ ಮತ್ತು ಗ್ಯಾಪ್‌ನ ಗುಣಲಬ್ಧ ಏರಿದ ಹಾಗೆ ಕಿಡಿಗೆ ಬೇಕಾದ ವೋಲ್ಟೇಜ್ ಏರುತ್ತದೆ, ಪಾಶೆನ್ ನಿಯಮ. ಟರ್ಬೊ ಇರುವ ಗ್ಯಾಸ್ ಎಂಜಿನ್‌ನಲ್ಲಿ ಅದು 30 ಕಿಲೊವೋಲ್ಟ್ ದಾಟುತ್ತದೆ. ತಡೆಯಲು ಗ್ಯಾಪನ್ನು 0.3 ಮಿ.ಮೀ. ಆಸುಪಾಸಿಗೆ ಇಳಿಸುತ್ತಾರೆ, ಕಾರಿನ ಪ್ಲಗ್‌ನಲ್ಲಿ 0.7ರಿಂದ 1.1 ಇರುತ್ತದೆ. ಗ್ಯಾಪ್ ಕಿರಿದಾದರೆ ಎಲೆಕ್ಟ್ರೋಡ್‌ಗಳೇ ಹೊಸ ಉರಿಯ ಶಾಖ ಹೀರುತ್ತವೆ. ಎಲೆಕ್ಟ್ರೋಡ್ ಸವೆದ ಹಾಗೆ ಗ್ಯಾಪ್ ಹೆಚ್ಚಿ ವೋಲ್ಟೇಜ್ ಮತ್ತೆ ಏರುತ್ತದೆ. ಕೆಲವು ಸಾವಿರ ಗಂಟೆಗೆ ಪ್ಲಗ್ ಬದಲಿಸುವುದು ಇದಕ್ಕೇ. ಲೇಸರಿನಲ್ಲಿ ಒತ್ತಡ ಏರಿದಷ್ಟೂ ಕೆಲಸ ಹಗುರ. ದಿಕ್ಕೇ ತಿರುಗಿತು.

ಹೈಡ್ರೋಜನ್‌ಗೆ ಬಂದರೆ ವಾದಕ್ಕೆ ಇನ್ನಷ್ಟು ಬಲ. ಅದಕ್ಕೆ 0.02 ಮಿಲಿಜೂಲ್ ಸಾಕು, ಕಾದ ಎಲೆಕ್ಟ್ರೋಡ್ ತುದಿಯಿಂದಲೇ ಹೊತ್ತಿಕೊಳ್ಳಬಹುದು. ಕಾಯಿಲ್‌ನಲ್ಲಿ ಉಳಿದ ಚಾರ್ಜ್ ಇನ್‌ಟೇಕ್ ಹೊತ್ತಿನಲ್ಲಿ ಕಿಡಿ ಹಾರಿಸಿದರೆ ಬ್ಯಾಕ್‌ಫೈರ್. ಲೇಸರ್ ಪ್ಲಗ್‌ನಲ್ಲಿ ಚಾಚಿದ ಲೋಹ ಇಲ್ಲ, ಉಳಿಕೆ ಚಾರ್ಜ್ ಇಲ್ಲ. ಆದರೆ ಹೈಡ್ರೋಜನ್ ಬೇಗ ಹೊತ್ತುತ್ತದೆ ಎಂದು ಲೇಸರ್ ಎನರ್ಜಿಯನ್ನು ಆ ಮಟ್ಟಕ್ಕೆ ಇಳಿಸಲಾಗದು. ಪ್ಲಾಸ್ಮಾ ಹುಟ್ಟುವ ಗಡಿ ಅನಿಲದ ಒತ್ತಡ ಮತ್ತು ಫೋಕಸ್‌ನ ಮಾತು, ಇಂಧನದ ಹೊತ್ತುವ ಗುಣದ್ದಲ್ಲ. ಕಾನ್ಪುರದ ಐಐಟಿಯ ಎಂಜಿನ್ ಪ್ರಯೋಗಾಲಯದಲ್ಲಿ ಅವಿನಾಶ್ ಕುಮಾರ್ ಅಗರ್ವಾಲ್ ಅವರ ತಂಡ ಸಿಎನ್‌ಜಿ, ಹೈಡ್ರೋಜನ್ ಮತ್ತು ಇವೆರಡರ ಮಿಶ್ರಣಗಳ ಮೇಲೆ, ವಿಯೆನ್ನಾದ ಅರ್ನ್ಸ್ಟ್ ವಿಂಟ್ನರ್ ಅವರ ಜತೆಗೂಡಿಯೂ ಕೆಲಸ ಮಾಡಿದೆ. ಟೆಸ್ಟ್‌ಬೆಂಚ್ ಅವರು ಅವನ್ನು ಓದಲೇಬೇಕು, ನಿಮ್ಮದೇ ಗಾತ್ರದ ಎಂಜಿನ್‌ಗಳು.

ಗ್ಯಾಸ್‌ಜೆನ್‌ಸೆಟ್

ವೋಲ್ಟೇಜ್ ಮಾತು ಒಪ್ಪಿದೆ. ಆದರೆ ಪ್ಲಗ್ ಕಿಡಿ ಒಂದೆರಡು ಮಿಲಿಸೆಕೆಂಡ್ ಉರಿಯುತ್ತದೆ. ಕಿಡಿ ಬಿದ್ದ ಕ್ಷಣ ಅಲ್ಲಿ ಮಿಶ್ರಣ ಸರಿ ಇಲ್ಲದಿದ್ದರೂ ಸುಳಿಯಲ್ಲಿ ಒಳ್ಳೆಯ ಮಿಶ್ರಣ ಬಂದು ತಗಲಬಹುದು. ಲೇಸರಿಗೆ ಆ ಅವಕಾಶ 7 ನ್ಯಾನೊಸೆಕೆಂಡ್ ಮಾತ್ರ.

ಪ್ಲಾಸ್ಮಾ

ನಿಜ, ಅದು ಲೇಸರಿನ ನಿಜವಾದ ಕೊರತೆ. ಪೋರ್ಟ್‌ನಲ್ಲೇ ಗ್ಯಾಸ್ ಚೆನ್ನಾಗಿ ಬೆರೆಯುವ ಎಂಜಿನ್‌ನಲ್ಲಿ ಅಷ್ಟಾಗಿ ಕಾಡುವುದಿಲ್ಲ, ನೇರ ಇಂಜೆಕ್ಷನ್‌ನಲ್ಲಿ ಕಾಡುತ್ತದೆ. ಪರಿಹಾರವೆಂದರೆ ಒಂದೇ ಸೈಕಲ್‌ನಲ್ಲಿ ಸಾಲಾಗಿ ಹಲವು ಪಲ್ಸ್, ಅಥವಾ ಒಂದೇ ಹೊತ್ತಿಗೆ ಹಲವು ಜಾಗದಲ್ಲಿ ಕಿಡಿ. ಲ್ಯಾಂಪ್ ಲೇಸರಿನಲ್ಲಿ ಎರಡೂ ಕಷ್ಟ. ಪುಟ್ಟ ಡಯೋಡ್-ಪಂಪ್ ಲೇಸರಿನಲ್ಲಿ ಎರಡೂ ಮಾಡಿ ತೋರಿಸಿದ್ದಾರೆ.

ದ್ಯುತಿ

ಆ ಪುಟ್ಟ ಲೇಸರಿನ ಬಗ್ಗೆ ಸ್ವಲ್ಪ ವಿವರ, ಫೈಬರ್ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ.

ಟೆಸ್ಟ್‌ಬೆಂಚ್ ಅವರು ಕೇಳಿದ ಹಾಗೆ ಕಿಡಿಯ ಪಲ್ಸನ್ನೇ ಸಾಮಾನ್ಯ ಸಿಲಿಕಾ ಫೈಬರ್‌ನಲ್ಲಿ ತರಲು ಹೋದರೆ ಎರಡು ಅಡ್ಡಿ. 400 ಮೈಕ್ರಾನ್ ಕೋರ್‌ಗೆ 20 ಮಿಲಿಜೂಲ್, 7 ನ್ಯಾನೊಸೆಕೆಂಡ್ ತುಂಬಿದರೆ ಚದರ ಸೆಂ.ಮೀ.ಗೆ 2.3 ಗಿಗಾವ್ಯಾಟ್, ಫೈಬರ್‌ನ ಬಾಯಿಯೇ ಸುಟ್ಟುಹೋಗುವ ಮಟ್ಟ. ಸುಡದೆ ಉಳಿದರೂ ಆಚೆ ತುದಿಯಲ್ಲಿ ಬೆಳಕು ಹರಡಿರುತ್ತದೆ. 400 ಮೈಕ್ರಾನ್‌ನ ಬಿಂಬವನ್ನು 40 ಮೈಕ್ರಾನ್‌ಗೆ ಕುಗ್ಗಿಸಬೇಕಾದರೆ ಕೋನ ಹತ್ತು ಪಟ್ಟು ಅಗಲವಾಗಬೇಕು. ಹೊರಬೀಳುವ ಬೆಳಕಿನ ಸಂಖ್ಯಾತ್ಮಕ ದ್ಯುತಿರಂಧ್ರ 0.11 ಇದ್ದರೂ ಅದು 1.1 ಆಗುತ್ತದೆ, ಅನಿಲದಲ್ಲಿ 1ನ್ನು ದಾಟುವಂತೆಯೇ ಇಲ್ಲ. ಟೊಳ್ಳು ಕೋರ್ ಫೈಬರ್‌ಗಳಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಅಜರ್ ಯಾಲಿನ್ ಅವರ ಗುಂಪು ಕಿಡಿ ಬೀಳಿಸಿದೆ, ಆದರೆ ಬಾಗಿದರೆ, ಅಲುಗಿದರೆ ಕಿರಣದ ಗುಣ ಕೆಡುತ್ತದೆ. ಅಲುಗುವ ಎಂಜಿನ್‌ಗೆ ಅದು ಕಷ್ಟದ ಸಂಗಾತಿ.

ದಾರಿ ಬೇರೆ ಇದೆ. ಪಂಪ್ ಬೆಳಕನ್ನು ಮಾತ್ರ ಫೈಬರ್‌ನಲ್ಲಿ ತನ್ನಿ, ಲೇಸರನ್ನು ಪ್ಲಗ್‌ನೊಳಗೇ ಇಡಿ. 808 ನ್ಯಾನೊಮೀಟರ್ ಡಯೋಡ್‌ನ ಬೆಳಕು ನೂರು ವ್ಯಾಟ್ ಆಸುಪಾಸು ಮಾತ್ರ, 600 ಮೈಕ್ರಾನ್ ಫೈಬರ್ ಅದನ್ನು ಸಲೀಸಾಗಿ ಹೊರುತ್ತದೆ. ಪ್ಲಗ್‌ನಲ್ಲಿ ನಿಯೋಡಿಮಿಯಂ ಯಾಗ್ ತುಂಡು, ಅದಕ್ಕೆ ಅಂಟಿದ ಕ್ರೋಮಿಯಂ ಯಾಗ್ ತುಂಡು. ಕ್ರೋಮಿಯಂ ಯಾಗ್ ಮೊದಲು ಬೆಳಕನ್ನು ಹೀರಿ ಲೇಸರನ್ನು ತಡೆದಿಡುತ್ತದೆ, ಎನರ್ಜಿ ತುಂಬಿ ತುಳುಕಿದಾಗ ಒಮ್ಮೆಲೇ ಪಾರದರ್ಶಕವಾಗಿ ಇಡೀ ಪಲ್ಸ್ ಹಾರುತ್ತದೆ. ಹೈವೋಲ್ಟೇಜ್ ಕ್ಯೂ-ಸ್ವಿಚ್ ಬೇಕಿಲ್ಲ. ಲೇಸರಿನ ಕುಹರ (ಬೆಳಕು ಹಿಂದೆ ಮುಂದೆ ಓಡಾಡುವ ಜಾಗ) ಗಿಡ್ಡ, ಹಾಗಾಗಿ ಪಲ್ಸ್ ಒಂದು ನ್ಯಾನೊಸೆಕೆಂಡ್‌ಗಿಂತ ಕಡಿಮೆ.

ಜಪಾನಿನ ಓಕಾಜಾಕಿಯ ತಕುನೊರಿ ತೈರಾ, ರೊಮೇನಿಯಾದ ನಿಕೊಲಾಯೆ ಪಾವೆಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು ಇದರ ಮೂರು ಕಿರಣದ ರೂಪ. 9 ಮಿ.ಮೀ. ವ್ಯಾಸ, 11 ಮಿ.ಮೀ. ಉದ್ದದ ಸೆರಾಮಿಕ್, ಪ್ರತಿ ಕಿರಣಕ್ಕೂ ಸುಮಾರು 2.4 ಮಿಲಿಜೂಲ್, 800 ಪೈಕೊಸೆಕೆಂಡ್. 2.4 ಮಿಲಿಜೂಲ್ ಎಂದರೆ ಕಡಿಮೆ ಅನ್ನಿಸಬಹುದು. 0.8 ನ್ಯಾನೊಸೆಕೆಂಡ್‌ನಿಂದ ಭಾಗಿಸಿದರೆ 3 ಮೆಗಾವ್ಯಾಟ್, ಹೆಚ್ಚುಕಡಿಮೆ ನಿಮ್ಮ 20 ಮಿಲಿಜೂಲ್ ಲೇಸರಿನಷ್ಟೇ! 2015ರಲ್ಲಿ ಪಾವೆಲ್ ಅವರ ತಂಡ ಇಂಥ ಲೇಸರ್ ಪ್ಲಗ್‌ಗಳಿಂದ ರೆನೊ ಕಾರ್ ಎಂಜಿನ್ ಓಡಿಸಿತು. ಜೆ.ಡಿ. ಡೇಲ್ ಮತ್ತು ಸಂಗಡಿಗರು 1978ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಒಂದು ಸಿಲಿಂಡರ್ ಓಡಿಸಿದಾಗ ಎಂಜಿನ್ ಪಕ್ಕದಲ್ಲಿ ಲೇಸರ್ ಯಂತ್ರ ನಿಲ್ಲಿಸಬೇಕಿತ್ತು. ಅಲ್ಲಿಂದ ಅಂಗೈಯಲ್ಲಿ ಹಿಡಿಯುವ ಪ್ಲಗ್‌ವರೆಗೆ ಬಂದದ್ದು ನನಗೆ ಈಗಲೂ ಬೆರಗು.

ರಿಂಗ್‌ಪಿಸ್ಟನ್

ಹಾಗಿದ್ದರೆ ಕಾರಿನಲ್ಲಿ ಯಾಕಿಲ್ಲ ಮೇಡಂ? ಬ್ಯಾಟರಿ ತಾಳುವುದಿಲ್ಲವೇ?

ದ್ಯುತಿ

ಬ್ಯಾಟರಿ ಕಾರಣವಲ್ಲ. 120 ವ್ಯಾಟ್ ಪಂಪ್ 500 ಮೈಕ್ರೊಸೆಕೆಂಡ್ ಬಿಟ್ಟರೆ 60 ಮಿಲಿಜೂಲ್ ಬೆಳಕು. ಡಯೋಡ್ ದಕ್ಷತೆ 50% ಎಂದುಕೊಂಡರೆ 120 ಮಿಲಿಜೂಲ್ ವಿದ್ಯುತ್. ನಿಮಿಷಕ್ಕೆ 6000 ಸುತ್ತಿನಲ್ಲಿ ಸೆಕೆಂಡಿಗೆ 50 ಕಿಡಿ, ಸಿಲಿಂಡರಿಗೆ 6 ವ್ಯಾಟ್. ನಾಲ್ಕು ಸಿಲಿಂಡರಿಗೆ 24 ವ್ಯಾಟ್, ಹೆಡ್‌ಲೈಟ್‌ಗಿಂತ ಕಡಿಮೆ.

ಅಡ್ಡಿ ಇರುವುದು ಡಯೋಡ್‌ನ ಬೆಲೆ ಮತ್ತು ಶಾಖ. ಸಾಮಾನ್ಯ ಡಯೋಡ್‌ನ ತರಂಗಾಂತರ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಬಾನೆಟ್ ಒಳಗೆ 30 ಡಿಗ್ರಿ ಏರಿದರೆ 9 ನ್ಯಾನೊಮೀಟರ್, ಆದರೆ ಯಾಗ್ ಚೆನ್ನಾಗಿ ಹೀರುವ ಪಟ್ಟಿ 808ರ ಸುತ್ತ ಒಂದೆರಡು ನ್ಯಾನೊಮೀಟರ್ ಮಾತ್ರ. ವಿಸಿಎಸ್‌ಇಎಲ್ (ಚಿಪ್ಪಿನ ಮೇಲ್ಮೈಯಿಂದ ನೇರ ಬೆಳಕು ಬಿಡುವ) ಮಾದರಿಯ ಡಯೋಡ್ ಡಿಗ್ರಿಗೆ 0.07 ಮಾತ್ರ ಸರಿಯುತ್ತದೆ, ಹಾಗಾಗಿ ಪ್ಲಗ್ ಬಳಿ ಇಡಲು ಅದೇ ಮೇಲು. ಹರಳು ಕಾದರೆ ಇನ್ನೊಂದು ಪರಿಣಾಮ: ನಿಯೋಡಿಮಿಯಂನ ಹೊರಸೂಸುವ ಶಕ್ತಿ ಇಳಿಯುತ್ತದೆ, ಪಲ್ಸ್ ಹಾರಲು ಹೆಚ್ಚು ಪಂಪ್ ಬೇಕಾಗುತ್ತದೆ, ಹಾರಿದಾಗ ಎನರ್ಜಿ ಮಾತ್ರ ಮೊದಲಿಗಿಂತ ಜಾಸ್ತಿ ಇರುತ್ತದೆ. ತಣ್ಣಗಿದ್ದಾಗ ಹೊಂದಿಸಿದ ಪಂಪ್ ಕರೆಂಟ್ ಬಿಸಿಯಾದ ಮೇಲೆ ಸಾಲದೆ, ಒಂದೂ ಪಲ್ಸ್ ಬಾರದೆ ಎಂಜಿನ್ ನಿಲ್ಲುವುದು ಇದರಿಂದಲೇ.

ಮಸೂರ

ಟೈಮಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಯಾಸಿವ್ ಕ್ಯೂ-ಸ್ವಿಚ್‌ನಲ್ಲಿ, ಅಂದರೆ ದ್ಯುತಿ ಹೇಳಿದ ಕ್ರೋಮಿಯಂ ಯಾಗ್ ಬಗೆಯಲ್ಲಿ, ಪಂಪ್ ಶುರುವಾದ ಮೇಲೆ ಪಲ್ಸ್ ಹಾರುವವರೆಗೆ ಕೆಲವು ನೂರು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಅದನ್ನು ಕಾಯಿಲ್‌ನ ಡ್ವೆಲ್ (ಚಾರ್ಜ್ ತುಂಬುವ ಹೊತ್ತು) ಹಾಗೆ ನೋಡಿ, ಇಸಿಯು (ಎಂಜಿನ್ ನಿಯಂತ್ರಕ) ಅಷ್ಟು ಮುಂಚೆ ಆಜ್ಞೆ ಕೊಡಬೇಕು. 1500 ಸುತ್ತಿನಲ್ಲಿ ಒಂದು ಡಿಗ್ರಿಗೆ 111 ಮೈಕ್ರೊಸೆಕೆಂಡ್, 500 ಎಂದರೆ 4.5 ಡಿಗ್ರಿ. 6000ದಲ್ಲಿ ಅದೇ 18 ಡಿಗ್ರಿ. ಪಂಪ್ ಕರೆಂಟ್ ಬದಲಿಸಿದರೆ ವಿಳಂಬವೂ ಬದಲಾಗುತ್ತದೆ, ಆದ್ದರಿಂದ ಫೋಟೊಡಯೋಡ್‌ನಿಂದ ನಿಜವಾದ ಕಿಡಿಯ ಕ್ಷಣ ಅಳೆದು ಹಿಂದಕ್ಕೆ ತಿದ್ದಿ.

ಟೆಸ್ಟ್‌ಬೆಂಚ್, ನಿಮ್ಮ ಲ್ಯಾಂಪ್ ಲೇಸರಿನದ್ದು ಬೇರೆ ತೊಡಕು. ಅದು 10 ಹರ್ಟ್ಜ್‌ಗೆ ಹೊಂದಿಸಿದ್ದು, ಹರಳಿನ ದಂಡ ಕಾದು ತಾನೇ ಮಸೂರವಾಗುವುದನ್ನೂ ಲೆಕ್ಕ ಹಾಕಿ ಕುಹರ ಮಾಡಿರುತ್ತಾರೆ. ನಾಲ್ಕು-ಸ್ಟ್ರೋಕ್ ಎಂಜಿನ್‌ಗೆ 10 ಹರ್ಟ್ಜ್ ಎಂದರೆ ಸರಿಯಾಗಿ 1200 ಸುತ್ತು, 1500ಕ್ಕೆ 12.5 ಬೇಕು. ಲೇಸರ್ ತಯಾರಕರು ಒಪ್ಪದ ಹೊರತು 1200ರಲ್ಲೇ ನಿಲ್ಲಿ, ಲ್ಯಾಂಪ್ ಮತ್ತು ಕ್ಯೂ-ಸ್ವಿಚ್ ಎರಡನ್ನೂ ಕ್ರ್ಯಾಂಕ್ ಎನ್‌ಕೋಡರ್‌ನಿಂದಲೇ ಟ್ರಿಗರ್ ಮಾಡಿ. ಕ್ಯಾಮ್ ಸಿಗ್ನಲ್ ಸೇರಿಸಿ ಎಕ್ಸಾಸ್ಟ್ ಸುತ್ತಿನ ಪಲ್ಸ್ ಕತ್ತರಿಸಬೇಕು, ಇಲ್ಲದಿದ್ದರೆ 20 ಹರ್ಟ್ಜ್ ಕೇಳಿದಂತಾಗುತ್ತದೆ. ಲ್ಯಾಂಪ್ ಹೊತ್ತಿದ 150ರಿಂದ 200 ಮೈಕ್ರೊಸೆಕೆಂಡ್‌ಗೆ ಕ್ಯೂ-ಸ್ವಿಚ್. ಕಿಡಿಯ ಟೈಮಿಂಗ್ ಸರಿಸುವಾಗ ಎರಡನ್ನೂ ಒಟ್ಟಿಗೆ ಸರಿಸಿ. ಕ್ಯೂ-ಸ್ವಿಚ್ ಮಾತ್ರ ಸರಿಸಿದರೆ ಎನರ್ಜಿಯೂ ಬದಲಾಗಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಇಡೀ ದಿನದ ಡೇಟಾ ವ್ಯರ್ಥ.

ಅಲುಗಾಟಕ್ಕೆ: ಮಸೂರ ಅಡಾಪ್ಟರ್‌ನಲ್ಲೇ, ಎಂಜಿನ್ ಜತೆಗೇ ಅಲುಗಲಿ. ಸಮಾಂತರ ಕಿರಣ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೂ ಫೋಕಸ್ ಜಾಗ ಬದಲಾಗುವುದಿಲ್ಲ. ಕೋನ ಒಂದು ಮಿಲಿರೇಡಿಯನ್ ತಿರುಗಿದರೆ ಫೋಕಸ್ 30 ಮೈಕ್ರಾನ್ ಸರಿಯುತ್ತದೆ, ಅದೂ ಉರಿಗೆ ಲೆಕ್ಕಕ್ಕಿಲ್ಲ. ಕಿರಣ ಅಡಾಪ್ಟರಿನ ಗೋಡೆಗೆ ತಾಗದಂತೆ ಜಾಗ ಬಿಟ್ಟರೆ ಸಾಕು.

ಟೆಸ್ಟ್‌ಬೆಂಚ್

ತುಂಬ ಉಪಕಾರವಾಯಿತು. ಕೊನೆಯದಾಗಿ ಹೊಸ ಕಿಟಕಿ ಕೂರಿಸುವುದು. ಹಳೆಯದರಲ್ಲಿ ತಾಮ್ರದ ವಾಷರ್ ಮೇಲೆ ಸಫೈರ್ ಇಟ್ಟು ಹಿಂದಿನಿಂದ ನಟ್ ಬಿಗಿದಿತ್ತು. ಬಿಸಿಯಾದಾಗ ಸೋರಿಕೆ ಇತ್ತು. ನಿಲ್ಲಿಸಿದ ಮೇಲೆ ಗಾಜಿನ ಮೇಲೆ ಎಣ್ಣೆಯ ಪಸೆ ಕೂಡ ಕಾಣುತ್ತದೆ.

ರಿಂಗ್‌ಪಿಸ್ಟನ್

ಸೋರಿಕೆಗೆ ಕಾರಣ ಹಿಗ್ಗುವಿಕೆ. ಸ್ಟೇನ್‌ಲೆಸ್ 304 ಸಫೈರಿಗಿಂತ ಎರಡೂವರೆಯಿಂದ ಮೂರು ಪಟ್ಟು ಹಿಗ್ಗುತ್ತದೆ. ಕಾದಾಗ ನಟ್‌ನ ಬಿಗಿತ ಸಡಿಲ, ತಣಿದಾಗ ಮತ್ತೆ ಬಿಗಿ, ಹೀಗೆ ವಾಷರ್ ಚಪ್ಪಟೆಯಾಗಿ ಹೋಗುತ್ತದೆ. ಸರಿಯಾದ ದಾರಿ ಕೋವಾರ್ (ಕಬ್ಬಿಣ, ನಿಕಲ್, ಕೋಬಾಲ್ಟ್ ಮಿಶ್ರಲೋಹ) ಉಂಗುರಕ್ಕೆ ಸಫೈರನ್ನು ಬ್ರೇಜ್ ಮಾಡಿಸುವುದು. ಕೋವಾರ್‌ನ ಹಿಗ್ಗುವಿಕೆ ಸಫೈರಿಗೆ ಹತ್ತಿರ. ನಟ್ ವಿಧಾನವೇ ಬೇಕೆಂದರೆ ಹದಗೊಳಿಸಿದ ಮೆತ್ತನೆಯ ತಾಮ್ರದ ಹೊಸ ವಾಷರ್ ಪ್ರತಿ ಬಾರಿ, ಸಫೈರ್ ಅಂಚಿಗೆ ಚಿಕ್ಕ ಚೇಂಫರ್, ನಟ್ ಮತ್ತು ಗಾಜಿನ ನಡುವೆ ತೆಳು ಡಿಸ್ಕ್ ಸ್ಪ್ರಿಂಗ್. ನಟ್ ನೇರ ಗಾಜಿನ ಮೇಲೆ ತಿರುಗಿದರೆ ಅಂಚು ಚಿಪ್ಪೇಳುತ್ತದೆ.

ದಪ್ಪ ಸಾಕು. ತೆರೆದ ಭಾಗದ ತ್ರಿಜ್ಯ 4 ಮಿ.ಮೀ., 200 ಬಾರ್, ಸುರಕ್ಷತೆ 4 ಪಟ್ಟು ಎಂದು ಲೆಕ್ಕ ಹಾಕಿದರೂ 2 ಮಿ.ಮೀ.ಗಿಂತ ಕಡಿಮೆ ಬರುತ್ತದೆ. 5 ಮಿ.ಮೀ. ಹಾಕಿರುವುದು ಶಾಖದ ಏಟಿಗೆ ಒಳ್ಳೆಯದೇ. ಎಂಜಿನ್‌ಗೆ ಹಾಕುವ ಮೊದಲು ನೈಟ್ರೋಜನ್‌ನಲ್ಲಿ ಗರಿಷ್ಠ ಒತ್ತಡದ ಒಂದೂವರೆ ಪಟ್ಟು ತುಂಬಿ, ಕವಚದ ಹಿಂದೆ ನಿಂತು, 10 ನಿಮಿಷ ಗೇಜ್ ನೋಡಿ. ಕಿಟಕಿಯ ಬಾಯಿಗೆ ಎದುರಾಗಿ ಯಾರೂ ನಿಲ್ಲಬಾರದು. ಆಮೇಲೆ ಒತ್ತಡವನ್ನು ಕೆಲವೇ ಬಾರ್‌ಗೆ ಇಳಿಸಿ ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿ.

ಎಣ್ಣೆ ಪಸೆ ಬೇರೆ ವಿಷಯ. ಇಂಗಾಲದ ಮಸಿಯನ್ನು ಲೇಸರ್ ಕೀಳುತ್ತದೆ. ಎಣ್ಣೆಯ ಕ್ಯಾಲ್ಸಿಯಂ, ಸತು, ರಂಜಕ ಸುಟ್ಟು ಉಳಿಯುವ ಬೂದಿ ಬಿಳಿ ಪದರವಾಗಿ ಅಂಟುತ್ತದೆ, ಅದನ್ನು ಕೀಳುವುದು ಬಹಳ ಕಷ್ಟ. ಗ್ಯಾಸ್ ಎಂಜಿನ್‌ಗೆ ಮಾಡಿದ ಕಡಿಮೆ ಬೂದಿಯ ಎಣ್ಣೆ, ಸಲ್ಫೇಟೆಡ್ ಆಶ್ 0.5% ಆಸುಪಾಸಿನದು ಹಾಕಿ. ಡೀಸೆಲ್ ಎಣ್ಣೆ ಬೇಡ. ಕಿಟಕಿಯನ್ನು ಆಳವಾದ ಗುಳಿಯಲ್ಲಿ ಕೂರಿಸಬೇಡಿ. ತಣ್ಣಗಿದ್ದು ಎಣ್ಣೆ ನಿಲ್ಲುತ್ತದೆ. ಪ್ಲಗ್‌ನ ಮೂಗಿನ ಹಾಗೆಯೇ, 450-500 ಡಿಗ್ರಿ ತಲುಪಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಮಿತಿ ಮೀರಿ ಕಾದರೆ ಪ್ರೀ-ಇಗ್ನಿಷನ್ (ಕಿಡಿಗೂ ಮುಂಚೆ ಹೊತ್ತುವುದು) ಭಯ, ಹೈಡ್ರೋಜನ್‌ನಲ್ಲಂತೂ ಮೊದಲೇ.

ಟೆಸ್ಟ್‌ಬೆಂಚ್

ಎಂಜಿನ್ ನಿಲ್ಲಿಸುವಾಗ ಮೊದಲು ಯಾವುದು, ಲೇಸರೋ ಗ್ಯಾಸೋ?

ರಿಂಗ್‌ಪಿಸ್ಟನ್

ಗ್ಯಾಸ್. ಸೊಲೆನಾಯ್ಡ್ ಮುಚ್ಚಿದ ಮೇಲೆ ಡೈನಮೋಮೀಟರ್‌ನಿಂದ ಎಂಜಿನ್ ತಿರುಗಿಸುತ್ತಾ ಲೇಸರನ್ನು ಅರ್ಧ ನಿಮಿಷ ಹಾಗೇ ಬಿಡಿ. ಪೈಪ್‌ನಲ್ಲಿ ಉಳಿದ ಗ್ಯಾಸ್ ಉರಿದು ಮುಗಿಯುತ್ತದೆ, ಎಕ್ಸಾಸ್ಟ್‌ಗೆ ಹಸಿ ಗ್ಯಾಸ್ ಹೋಗುವುದಿಲ್ಲ, ಕಿಟಕಿಯೂ ಒರೆಸಿದಂತಾಗುತ್ತದೆ. ನಂತರ ಶಟರ್, ಆಮೇಲೆ ತಿರುಗಿಸುವುದನ್ನು ನಿಲ್ಲಿಸಿ. ಲೇಸರ್ ಆರಿಸಿ ಎಂಜಿನ್ ಸುಮ್ಮನೆ ತಿರುಗಿಸುತ್ತಾ ಬಿಟ್ಟರೆ ರಿಂಗ್ ದಾಟಿದ ಎಣ್ಣೆ ಕಿಟಕಿಗೆ ಬಂದು ಕೂರುತ್ತದೆ, ಮಾರನೆಯ ದಿನದ ಮೊದಲ ಪಲ್ಸ್ ಅದರ ಮೇಲೆ ಬೀಳುತ್ತದೆ. ಬೆಳಗ್ಗೆ ಶುರು ಮಾಡುವಾಗಲೂ ಮೊದಲು 10 ಮಿಲಿಜೂಲ್‌ನಲ್ಲಿ ಒಂದು ನಿಮಿಷ ಬರೀ ಗಾಳಿಗೆ ಹಾರಿಸಿ, ಫೋಟೊಡಯೋಡ್ ಸಿಗ್ನಲ್ ನೆನ್ನೆಯ ಮಟ್ಟದಲ್ಲಿದೆ ಎಂದು ಕಂಡ ಮೇಲೆ ಗ್ಯಾಸ್ ಬಿಡಿ.